ದೊಡ್ಡಪ್ಪ, ಜಪಾನಿನ ಆ ಪುಕ್ಕಟೆ ಜಾಗದ ವಿಷಯ

ದೊಡ್ಡಪ್ಪ, ಬೆಳಿಗ್ಗೆ ನೀವು ಗುಂಪಿಗೆ ಹಾಕಿದ ಜಾಹೀರಾತನ್ನು ನೋಡಿದೆ. ಜಪಾನಿನಲ್ಲಿ 90 ಲಕ್ಷ ಮನೆ ಖಾಲಿ, ಹಳ್ಳಿಯ ಕಡೆ ಜಾಗ ಪುಕ್ಕಟೆ, ಬೇಡವಾದರೆ ಸರ್ಕಾರವೇ ವಾಪಸ್ ತೆಗೆದುಕೊಳ್ಳುತ್ತದೆ, ಒಂದು ಹಿಡಿದು ಹಾಕೋಣವೇ ಎಂದು ಕೇಳಿದ್ದೀರಿ. ಟೈಪ್ ಮಾಡುತ್ತಾ ಕುಳಿತರೆ ಮುಗಿಯುವುದಿಲ್ಲ, ಅದಕ್ಕೇ ಮಾತಿನಲ್ಲೇ ಹೇಳುತ್ತಿದ್ದೇನೆ.

90 ಲಕ್ಷ ಸುಳ್ಳಲ್ಲ, 2023ರಲ್ಲಿ ಸರ್ಕಾರವೇ ಎಣಿಸಿದ ಲೆಕ್ಕ. ಆ ವಾಪಸ್ಸಿನ ಮಾತಿನಲ್ಲೇ ಎಡವಟ್ಟು ಇರುವುದು. 2023ರ ಏಪ್ರಿಲ್‌ನಲ್ಲಿ ಅಂಥದ್ದೊಂದು ಕಾನೂನು ಜಾರಿಗೆ ಬಂದಿದೆ, ಸರಿ. ಆದರೆ ಅದು ಪಿತ್ರಾರ್ಜಿತವಾಗಿ ಬಂದ ಜಾಗಕ್ಕೆ ಮಾತ್ರ. ದುಡ್ಡು ಕೊಟ್ಟು ಕೊಂಡವರಿಗೆ ಆ ಬಾಗಿಲೇ ಇಲ್ಲ. ವಾರಸುದಾರರಿಗಾದರೂ ಸಲೀಸೇ? ಜಾಗದ ಮೇಲೆ ಕಟ್ಟಡ ಇರಬಾರದು, ಅಡಮಾನ ಇರಬಾರದು, ಗಡಿಯ ತಕರಾರು ಇರಬಾರದು. ಅರ್ಜಿಗೆ ಒಂದು ತುಂಡಿಗೆ 14,000 ಯೆನ್. ಒಪ್ಪಿಗೆಯಾದ ಮೇಲೆ ಸಾಮಾನ್ಯವಾಗಿ 2 ಲಕ್ಷ ಯೆನ್, ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿಗೂ ಮೇಲೆ, ಅವರೇ ಕಟ್ಟಬೇಕು. ಹತ್ತು ವರ್ಷ ಆ ಜಾಗವನ್ನು ನೋಡಿಕೊಳ್ಳುವ ಖರ್ಚಂತೆ. ಜಾಗವನ್ನೂ ಕೊಟ್ಟು ಕಪ್ಪವನ್ನೂ ಕೊಡುವುದು!

ಅತ್ತೆ ಕೇಳಿದರಲ್ಲ, ಅಲ್ಲಿನ ಪಂಚಾಯಿತಿಗೋ ಪುರಸಭೆಗೋ ದಾನಪತ್ರ ಬರೆದುಕೊಟ್ಟರೆ ಆಯಿತಲ್ಲ ಎಂದು. ಬಹಳಷ್ಟು ಕಡೆ ಅವರು ಬೇಡ ಎನ್ನುತ್ತಾರೆ ಅತ್ತೆ. ಬರುವ ತೆರಿಗೆಯೂ ಹೋಯಿತು, ಹುಲ್ಲು ಕತ್ತರಿಸುವ ಖರ್ಚೂ ತಲೆಗೆ ಬಂತು. ಯಾರು ಒಪ್ಪುತ್ತಾರೆ?

ಒಂದು ನಿಮಿಷ, ರೈಲು ಹೋಗಲಿ... ಹಾಂ.

ಆದರೆ ನಾಗಾಸಾಕಿ ನಗರ ಒಪ್ಪುತ್ತದೆ. ನಮ್ಮ ಮೇಲಿನ ಮನೆಯಲ್ಲಿರುವ ಜಪಾನಿ ಅಜ್ಜಿಯ ತವರು ಅದು. ಹೋದ ವರ್ಷ ಅವರ ಚೀಲ ಹೊರಲು ನಾನೂ ಹೋಗಿದ್ದೆ. ಬಂದರಿನ ಸುತ್ತ ಗುಡ್ಡ, ಗುಡ್ಡದ ತುಂಬ ಮನೆಗಳು. ಕಾರು ಕೆಳಗೇ ನಿಲ್ಲಬೇಕು. ನೂರನಲವತ್ತರವರೆಗೆ ಮೆಟ್ಟಿಲು ಎಣಿಸಿದೆ, ಆಮೇಲೆ ಉಸಿರು ಸಾಲದೆ ಬಿಟ್ಟೆ. ಅಜ್ಜಿ ಮಾತ್ರ ಕಂಬಿ ಹಿಡಿದು ನನಗಿಂತ ಮುಂದೆ. ಮನೆಯ ಹೆಂಚು ಜಾರಿದೆ, ಒಳಗಿನ ಚಾಪೆಯನ್ನು ಸೀಳಿಕೊಂಡು ಎರಡು ಬಿದಿರು ಸೂರಿನವರೆಗೆ ಬೆಳೆದಿವೆ. ಪುಕ್ಕಟೆ ಎಂದು ಹಾಕಿದರೂ ಕೇಳುವವರಿಲ್ಲ. ಮನೆ ಕೆಡವಿಸೋಣವೆಂದರೆ ಅವಶೇಷವನ್ನೆಲ್ಲ ಆಳುಗಳೇ ಹೊತ್ತು ಇಳಿಸಬೇಕು. ಕೆಡವಿದ ಮೇಲೆ ಜಾಗದ ತೆರಿಗೆ ಬೇರೆ ಏರುತ್ತದೆ, ಏಕೆಂದರೆ ಮನೆಯಿರುವ ಸಣ್ಣ ನಿವೇಶನಕ್ಕೆ ತೆರಿಗೆ ಹಾಕುವ ಮೌಲ್ಯ ಆರನೇ ಒಂದು ಭಾಗ ಮಾತ್ರ. ಬೀಳುವ ಮನೆಯನ್ನು ಯಾರೂ ಮುಟ್ಟದಿರುವ ಗುಟ್ಟು ಇದೇ.

2006ರಿಂದ ಆ ನಗರದ್ದೊಂದು ಯೋಜನೆಯಿದೆ. ಗೊತ್ತುಪಡಿಸಿದ ಪ್ರದೇಶದಲ್ಲಿ ಅಪಾಯದ ಸ್ಥಿತಿಗೆ ಬಂದ ಮನೆಯನ್ನು ಜಾಗದ ಸಮೇತ ದಾನ ಕೊಟ್ಟರೆ ನಗರವೇ ಕೆಡವಿಸಿ, ಬಯಲು ಮಾಡಿ, ಕೇರಿಯ ಬಳಕೆಗೆ ಬಿಡುತ್ತದೆ. ಆಮೇಲೆ ಗುಡಿಸಿ ನೋಡಿಕೊಳ್ಳುವುದಕ್ಕೆ ಕೇರಿಯವರು ಒಪ್ಪಬೇಕು. ಅಜ್ಜಿಯ ಕೇರಿಯಲ್ಲಿ ಉಳಿದಿರುವವರೆಲ್ಲ ಎಂಬತ್ತು ದಾಟಿದವರು. ಅವರಲ್ಲೊಬ್ಬರು ಪೊರಕೆ ಹಿಡಿದೇ ಬಂದು, ಕೈಲಾಗುವವರೆಗೆ ಗುಡಿಸುತ್ತೇನೆ ಎಂದರು.

ಅಡ್ಡ ಬಂದದ್ದು ದಾಖಲೆ. ಜಾಗ ಇನ್ನೂ ಅಜ್ಜಿಯ ತಾತನ ಹೆಸರಿನಲ್ಲಿದೆ! ಥೇಟ್ ನಮ್ಮ ಪೌತಿ ಖಾತೆಯ ಕಥೆ. ಅಲ್ಲಿ 2024ರಿಂದ ಮೂರು ವರ್ಷದೊಳಗೆ ಹೆಸರು ಬದಲಾಯಿಸಿಕೊಳ್ಳುವುದು ಕಡ್ಡಾಯ, ಇಲ್ಲವಾದರೆ ದಂಡ. ಹುಡುಕಿದರೆ ಹನ್ನೊಂದು ಜನ ವಾರಸುದಾರರು ಸಿಕ್ಕಿದ್ದಾರೆ. ಹಿತ್ತಿಲಿನ ಒಂದೂವರೆ ಗುಂಟೆಗಾಗಿ ನೀವೂ ಅಪ್ಪನೂ ಒಂಬತ್ತು ವರ್ಷ ಮಾತು ಬಿಟ್ಟವರು, ಬೇಸರ ಮಾಡಿಕೊಳ್ಳಬೇಡಿ. ಅಲ್ಲಿ ಹನ್ನೊಂದು ಜನರೂ 'ನನಗೆ ಬೇಡ, ನಿನಗೇ ಇರಲಿ' ಎಂದು ಜಗಳವಾಡುತ್ತಿದ್ದಾರೆ.

ನೀವು ಕೊಂಡರೆ ವರ್ಷವರ್ಷ ತೆರಿಗೆಯ ಲಕೋಟೆ ಬರುತ್ತದೆ, ಅದೂ ಜಪಾನಿ ಭಾಷೆಯಲ್ಲಿ. ಮುಂಗಡ ಕಳಿಸುವ ಮೊದಲು ಆ ಜಾಹೀರಾತಿನಲ್ಲಿರುವ ವಿಳಾಸದ ಫೋಟೊ ಹಾಕಿ. ಅಲ್ಲಿಗೆ ರಸ್ತೆ ಹೋಗುತ್ತದೆಯೋ ಬರೀ ಮೆಟ್ಟಿಲೋ, ರಾತ್ರಿ ನಕ್ಷೆಯಲ್ಲಿ ನೋಡಿ ಹೇಳುತ್ತೇನೆ.