ಅಜ್ಜಿಯ ಜಪಮಾಲೆ ಮೆಡಲ್ ಮೇಲೆ 1830 ಅಂತ ಉಂಟು, ನಿಜವಾಗ್ಲೂ ಅಷ್ಟು ಹಳೇದಾ?

ಕೋಡಿಬಾಗ್_ಹುಡ್ಗ:
ನಮಸ್ಕಾರ ಎಲ್ರಿಗೂ. ಕಾರವಾರದಲ್ಲಿ ನಮ್ಮ ಹಳೇ ಮನೆ ಹಂಚು ಇಳಿಸುವಾಗ ಅಜ್ಜಿಯ ಮರದ ಪೆಟ್ಟಿಗೆ ಸಿಕ್ತು, ಅದ್ರೊಳಗೆ ಒಂದು ಹಳೇ ಜಪಮಾಲೆ, ಮನೇಲಿ ನಾವು ತೆರ್ಸ್ ಅಂತೇವೆ. ಸಣ್ಣ ಮಣಿ ಎಲ್ಲ ಹಳದಿ ತಿರುಗಿದ ಬಿಳಿ, ದೊಡ್ಡ 6 ಮಣಿ ಕಡು ಕಂದು. ಎಣಿಸಿದೆ, ಜಪಮಾಲೆಲಿ ಇರಬೇಕಾದ 59 ಮಣಿ ಸರಿ ಉಂಟು, ಆದ್ರೆ ಒಂದು ಮಣಿ ಮಾತ್ರ ಬೂದಿ ಬಣ್ಣ, ಹನಿ ಆಕಾರದ್ದು, ಬೇರೆ ಯಾವುದಕ್ಕೂ ಹೊಂದುದಿಲ್ಲ. ಮೆಡಲ್ ಮೇಲೆ ಯೇಸುವಿನ ತಾಯಿ ಮರಿಯಮ್ಮನ ಚಿತ್ರ, ಕೆಳಗೆ 1830. ಗೋವಾದಲ್ಲಿ ಒಬ್ರು ಅಂಗಡಿಯವ್ರು ನೋಡಿ ಇದು 200 ವರ್ಷದ್ದು, ದಂತದ್ದು, 15 ಸಾವಿರ ಕೊಡ್ತೇನೆ ಅಂದ್ರು. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕಿ ಕೊಡ್ತೇನೆ ಅಂತಿದ್ದಾರೆ. ಎಂತ ಮಾಡುದು?

ಚಂದಾವರ_ಪೇಸ್ತ್:
ಮೊದ್ಲು ಅಮ್ಮನ ಕೈಯಿಂದ ಹುಣಸೆಹಣ್ಣು ತಕೊಳ್ಳಿ ಮಾರಾಯ್ರೆ!! ಮೂಳೆ, ದಂತ, ಮುತ್ತಿನ ಚಿಪ್ಪು ಇವೆಲ್ಲ ಹುಳಿ ತಾಗಿದ್ರೆ ಮೇಲ್ಮೈ ತಿಂದುಹೋಗ್ತದೆ, ಹೊಳಪು ಮತ್ತೆ ಬರುದಿಲ್ಲ. ಒಣ ಮೆತ್ತಗಿನ ಬಟ್ಟೆ ಸಾಕು.
ಇನ್ನು 1830 ಅದು ಮಾಡಿದ ವರ್ಷ ಅಲ್ಲ. ಪ್ಯಾರಿಸ್‌ನ ರೂ ದ್ಯು ಬಾಕ್ ಕಾನ್ವೆಂಟಿನಲ್ಲಿ ಕ್ಯಾಥರೀನ್ ಲಾಬುರೆ ಅನ್ನುವ ಸಿಸ್ಟರ್‌ಗೆ ಮರಿಯಮ್ಮ ಕಾಣಿಸಿಕೊಂಡ ವರ್ಷ ಅದು. ಮೊದಲ ಮೆಡಲ್ ಅಚ್ಚಾದದ್ದೇ 1832ರಲ್ಲಿ, ಆಮೇಲೆ ಇವತ್ತಿನವರೆಗೂ ಅದೇ 1830 ಹಾಕಿ ಹೊಡೀತಾರೆ. ನಮ್ಮೂರ ಫೆಸ್ತಿನಲ್ಲಿ, ಅಂದ್ರೆ ಚರ್ಚ್ ಹಬ್ಬದಲ್ಲಿ, 20 ರೂಪಾಯಿಗೆ ಸಿಗುವ ಮೆಡಲ್ ಮೇಲೂ ಉಂಟು, ಅದೇನು 200 ವರ್ಷದ್ದಾ 😄 ಹಿಂದೆ ತಿರುಗಿಸಿ ನೋಡಿ, M ಅಕ್ಷರ, ಮೇಲೆ ಶಿಲುಬೆ, ಕೆಳಗೆ ಎರಡು ಹೃದಯ, ಸುತ್ತ 12 ನಕ್ಷತ್ರ ಇದ್ರೆ ಅದೇ. ಮೆಡಲ್ ಕೈಗೆ ಹಗುರ ಆಗ್ತದಾ ಹೇಳಿ.

ಕೋಡಿಬಾಗ್_ಹುಡ್ಗ:
ಹೌದು ಅದೇ ಎಲ್ಲ ಉಂಟು. ತುಂಬ ಹಗುರ, ಬಿಳಿ ಲೋಹ, ಕಪ್ಪಾಗ್ಲಿಲ್ಲ. ಶಿಲುಬೆ ಮೇಲಿನ ಯೇಸುವೂ ಅದ್ರದ್ದೇ.

ಚಂದಾವರ_ಪೇಸ್ತ್:
ಹಂಗಾದ್ರೆ ಅಲ್ಯೂಮಿನಿಯಂ. ಬೆಳ್ಳಿ ಆಗಿದ್ರೆ ನಮ್ಮ ಕಡಲ ಗಾಳಿಗೆ ಕಪ್ಪಾಗದೆ ಇರ್ತಿರ್ಲಿಲ್ಲ. 1886ರಲ್ಲಿ ಕರೆಂಟ್ ಹಾಯಿಸಿ ಅಲ್ಯೂಮಿನಿಯಂ ತೆಗೆಯುವ ವಿಧಾನ ಬಂದಮೇಲೇ ಅದು ಅಗ್ಗ ಆದದ್ದು, ಅದಕ್ಕಿಂತ ಮೊದ್ಲು ಚಿನ್ನದ ಸಮ ನೋಡ್ತಿದ್ರು. ಅಂದ್ರೆ ನಿಮ್ದು ಹೆಚ್ಚಂದ್ರೆ 19ನೇ ಶತಮಾನದ ಕೊನೆಯದ್ದು, ಇಲ್ಲ ಆಮೇಲಿಂದು. ಆದ್ರೂ ಹಳೇದೇ.

ಗುಡಿಗಾರಕೇರಿ_ಶಿರಸಿ:
ನಮ್ಮದು ಗುಡಿಗಾರರ ಮನೆ, ಗಂಧ ಕೆತ್ತುದು, ಹಿಂದೆ ನಮ್ಮ ಹಿರೇರು ದಂತನೂ ಕೆತ್ತುತಿದ್ರು, ಹಾಗಾಗಿ ಮಣಿ ಬಗ್ಗೆ ಎರಡು ಮಾತು. ಲೆನ್ಸ್ ಹಿಡ್ದು ನೋಡಿ, ಮೇಲೆ ಸಣ್ಣ ಸಣ್ಣ ಕಪ್ಪು ಚುಕ್ಕಿ, ಗೀರು ಕಂಡ್ರೆ ಅದು ಮೂಳೆ, ಒಳಗಿನ ರಕ್ತನಾಳದ ದಾರಿ ಅದು. ದಂತದಲ್ಲಿ ಆ ಚುಕ್ಕಿ ಇರುದಿಲ್ಲ, ಅಡ್ಡ ಕೊಯ್ದ ಮುಖದಲ್ಲಿ ಒಂದ್ರ ಮೇಲೊಂದು ಹೆಣೆದ ಹಾಗೆ ಗೆರೆ ಕಾಣ್ತದೆ. ಯೂಟ್ಯೂಬ್ ನೋಡಿ ಕಾದ ಸೂಜಿ ಚುಚ್ಚಬೇಡಿ, ಕಲೆ ಉಳೀತದೆ. ಮೂಳೆ ಅಂದ್ರೆ ಕೀಳು ಅಂತಲ್ಲ, ಕುದಿಸಿ ಜಿಡ್ಡು ತೆಗ್ದು ಕಡೆಯೋದು ಸಣ್ಣ ಕೆಲ್ಸ ಅಲ್ಲ, ಆ ಹಳದಿ ಬಣ್ಣ ಅಜ್ಜಿ ಬೆರಳಿನ ಎಣ್ಣೆ ಕುಡಿದು ಬಂದದ್ದೂ ಇರಬಹುದು, ತೊಳೀಬೇಡಿ.
ತೂತು ಬೆಳಕಿಗೆ ಹಿಡೀರಿ. ಕೈಯಲ್ಲಿ ಎರಡೂ ಬದಿಯಿಂದ ಕೊರೆದದ್ದಾದ್ರೆ ನಡುವೆ ಸ್ವಲ್ಪ ಓರೆ ಸೇರಿರ್ತದೆ. ಕಂದು ಮಣಿ ಅಂಗೈಲಿ ಬಿಸಿ ಬರುವಷ್ಟು ಉಜ್ಜಿ, ಗಂಧ ಆದ್ರೆ ಎಷ್ಟು ಹಳೇದಾದ್ರೂ ತುಸು ಪರಿಮಳ ಬಿಡ್ತದೆ. ಪರಿಮಳ ಇಲ್ಲ, ಗಟ್ಟಿ, ಮೇಲೆ ಸಣ್ಣ ಸಣ್ಣ ತುಂಡು ಗೆರೆ ಇದ್ರೆ ತೆಂಗಿನ ಗೆರಟೆ.
ಅಕಸ್ಮಾತ್ ದಂತ ಅಂತಾದ್ರೆ ಮಾರುವ ಮಾತೇ ಬೇಡ, 1972ರ ವನ್ಯಜೀವಿ ಕಾಯ್ದೆ ಉಂಟು, ಮೊದ್ಲು ಅರಣ್ಯ ಇಲಾಖೆಲಿ ಕೇಳಿ. ದಂತ ಅಂತ ಬಾಯಲ್ಲೇ ಹೇಳಿ ವ್ಯಾಪಾರಕ್ಕೆ ಕರೆದ ಆ ಅಂಗಡಿಯವ್ರ ಧೈರ್ಯ ಮೆಚ್ಚಬೇಕು.

ಹೊನ್ನಾವರ_ಬಾಯಿ:
ಆ ಬೂದಿ ಮಣಿ ಬಗ್ಗೆ ಯಾರೂ ಹೇಳ್ಲೇ ಇಲ್ಲ! ಅದು ಗದ್ದೆ ಬದಿ, ತೋಡಿನ ಹತ್ರ ಬೆಳೆಯುವ ಒಂದು ಹುಲ್ಲಿನ ಬೀಜ, ಇಂಗ್ಲಿಷ್‌ನಲ್ಲಿ ಜಾಬ್ಸ್ ಟಿಯರ್ಸ್ ಅಂತಾರೆ, ಬೈಬಲ್‌ನ ಯೋಬನ ಕಣ್ಣೀರು. ಕಲ್ಲಿನ ಹಾಗೆ ಗಟ್ಟಿ, ನಡುವೆ ತೂತು ದೇವ್ರೇ ಮಾಡಿ ಇಟ್ಟದ್ದು, ಸೂಜಿಯಲ್ಲಿ ಒಳಗಿನ ದಂಟು ತೆಗೆದ್ರೆ ದಾರ ಹೋಗ್ತದೆ. ಹಿಂದಿನ ಕಾಲದ ಬಡವರ ಜಪಮಾಲೆ ಎಷ್ಟೋ ಇಡೀ ಇದ್ರಲ್ಲೇ ಪೋಣಿಸ್ತಿದ್ರು. ನಿಮ್ಮಜ್ಜಿ ಒಂದು ಮಣಿ ಕಳ್ಕೊಂಡು ಲೆಕ್ಕ ತಪ್ಪಬಾರ್ದು ಅಂತ ಇದನ್ನ ಹಾಕಿರ್ಬೇಕು, ನನ್ನ ಅಂದಾಜು. ರಿಪೇರಿ ಮಾಡಿಸುವಾಗ ಅದನ್ನ ಮಾತ್ರ ಬದಲಿಸಬೇಡಿ. ಮಳೆಗಾಲದಲ್ಲಿ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿ ಇಟ್ರೆ ಬೂಸ್ಟು ಹಿಡೀತದೆ, ಹತ್ತಿ ಬಟ್ಟೆ ಚೀಲ ಒಳ್ಳೇದು.

ಕೋಡಿಬಾಗ್_ಹುಡ್ಗ:
ಎಲ್ರಿಗೂ ದೊಡ್ಡ ಥ್ಯಾಂಕ್ಸ್. ಲೆನ್ಸ್ ಹಿಡ್ದೆ, ಕಪ್ಪು ಚುಕ್ಕಿ ತುಂಬ ಉಂಟು, ಮೂಳೆನೇ. ಕಂದು ಮಣಿ ಉಜ್ಜಿ ಉಜ್ಜಿ ಕೈ ಕೆಂಪಾಯ್ತು, ಪರಿಮಳ ಇಲ್ಲ, ಗೆರಟೆ ಇರ್ಬೇಕು. ಬೂದಿ ಮಣಿ ತೋರ್ಸಿದ್ರೆ ಅಮ್ಮ ನಕ್ಕು, ಮಾಲೆ ನಾನೇ ಸಣ್ಣವಳಿದ್ದಾಗ ಎಳೆದು ತುಂಡು ಮಾಡಿದ್ದು, ಪೆಟ್ಟೂ ತಿಂದಿದ್ದೆ ಅಂದ್ರು. ಮಾರುದಿಲ್ಲ ಅಂತಾಯ್ತು. ಈಗ ಎರಡು ಕಡೆ ತಂತಿ ಸವೆದು ಬಿಡುವ ಹಾಗಿದೆ, ಕಾರವಾರದಲ್ಲಿ ಯಾವ ಶೇಟ್ರು (ಅಕ್ಕಸಾಲಿಗರು) ಇಂಥ ಸಣ್ಣ ಕೊಂಡಿ ಕೈಯಲ್ಲೇ ಸುತ್ತಿ ಕೊಡ್ತಾರೆ, ಬೆಸುಗೆ ಹಾಕದೆ?