ಹರಿಹರದ ಹೊಳೆಯಲ್ಲಿ ಹಳೇ ಬಾಟಲಿ: ಎಲ್ಲಿ ಹುಡುಕೋದು, ಹೆಂಗೆ ಇಳಿಯೋದು?

ಹೊಳೆಸಾಲು_17:

ಎಲ್ಲರಿಗೂ ನಮಸ್ಕಾರ. ಹರಿಹರದ ಹತ್ತಿರ ತುಂಗಭದ್ರೆ ಈಗ ಚೆನ್ನಾಗಿ ಇಳಿದಿದೆ. ಬಂಡೆ ಸಂದಿಯಲ್ಲಿ ಗೋಲಿ ಸೋಡಾ ಬಾಟಲಿಯ ಕತ್ತು, ದಪ್ಪ ಕಪ್ಪು ಗಾಜಿನ ತಳ, ಶಾಯಿ ಕುಡಿಕೆಯ ಚೂರು ಸಿಗ್ತಿವೆ. ಇಡೀ ಬಾಟಲಿ ಬೇಕಂದ್ರೆ ಮಡುವಿಗೇ ಇಳೀಬೇಕು ಅಂತಾರೆ. ನಾವು ಮೂರು ಜನ, ಮೂವರಿಗೂ ಈಜು ಬರುತ್ತೆ, ಇಬ್ಬರು ಮುರುಡೇಶ್ವರದಲ್ಲಿ ಸ್ಕೂಬಾ ಕೋರ್ಸ್ ಮುಗಿಸಿದ್ದಾರೆ. ಹೊಳೆಯಲ್ಲಿ ಯಾವ ಜಾಗ ನೋಡಬೇಕು? ಸಿಲಿಂಡರ್ ಬಾಡಿಗೆಗೆ ತರೋದು ದುಬಾರಿ, ಕಂಪ್ರೆಸರ್‌ಗೆ ಪೈಪ್ ಹಾಕಿ ಇಳಿದರೆ ನಡೆಯುತ್ತಾ? ಗೋಲಿ ಬಾಟಲಿಗಳು ಹರಿಹರದಲ್ಲಿದ್ದ ಪಲ್ಟನ್ (ಬ್ರಿಟಿಷರ ದಂಡು) ಕಾಲದವು ಅಂತ ಒಬ್ಬರು ಹೇಳಿದರು, ಅದು ನಿಜಾನಾ? ಸಿಕ್ಕಿದ್ದನ್ನ ತೊಳೆಯೋದು ಹೆಂಗೆ ಅಂತಾನೂ ಹೇಳಿ.

ಅಂಬಿಗರ_ಓಣಿ:

ಮಡುವಿನ ಆಸೆ ಮೊದಲು ಬಿಡ್ರಿ. ಹೊಳೆ ಎಲ್ಲಿ ಸುಸ್ತಾಗುತ್ತೋ ಅಲ್ಲಿ ಬಾಟಲಿ ಇಳಿಸುತ್ತೆ. ತಿರುವಿನ ಹೊರಮೈ ಕೊರೆದು ಆಳ ಆಗಿರುತ್ತೆ, ಅಲ್ಲಿ ಪ್ರತಿ ಮಳೆಗಾಲವೂ ತಳ ತೊಳೆದುಹೋಗುತ್ತೆ. ಒಳಮೈಯಲ್ಲಿ ಮರಳು, ಹೂಳು ಕೂರುತ್ತೆ, ಇಡೀ ಬಾಟಲಿ ಉಳಿಯೋದು ಆ ಕಡೆಗೇ. ಬಿದ್ದ ಒಂದೆರಡು ಮಳೆಗಾಲದೊಳಗೆ ಹೂಳಲ್ಲಿ ಹುದುಗಿದ್ದು ಮಾತ್ರ ಉಳಿದಿರುತ್ತೆ. ಬಂಡೆ ಮೇಲೆ ಉರುಳಾಡಿದ್ದು ನಿಮಗೀಗ ಸಿಗ್ತಿರೋ ಚೂರಾಗಿದೆ. ಅಂದ್ರೆ ಚೂರು ಸಿಕ್ಕ ಜಾಗದಲ್ಲೇ ಅಗೆದು ಪ್ರಯೋಜನವಿಲ್ಲ. ಅಲ್ಲಿಂದ ಕೆಳಗೆ, ಸೆಳವು ಸೋಲುವ ಮೊದಲ ಜಾಗ ಹುಡುಕಿ.

ಹರಿಹರದಲ್ಲಿ ನಾನು ಮೊದಲು ನೋಡೋದು ಸೂಳೆಕೆರೆಯಿಂದ ಬರುವ ಹರಿದ್ರಾ ಹಳ್ಳ ಸೇರುವ ಕಡೆ. ಹಳ್ಳದ ನೀರು ಹೊಳೆಗೆ ಅಡ್ಡ ಬಂದು ತಾಗಿ ನಿಧಾನ ಆಗುತ್ತೆ, ಕೆಳಗೆ ಹೂಳಿನ ದಿಬ್ಬ ಕಟ್ಟುತ್ತೆ. ಆಮೇಲೆ ಸೇತುವೆ ಆಗೋಕೆ ಮುಂಚೆ ಹರಿಗೋಲು ಹಾಕುತ್ತಿದ್ದ ಜಾಗಗಳು. ದಾಟುವ ಜನ, ಸಾಮಾನು, ಕಾಯುವ ಗಾಡಿಗಳು ಸೇರುತ್ತಿದ್ದ ಕಡೆ ಕಸವೂ ಸೇರುತ್ತೆ. 1868ರಲ್ಲಿ ಮುಗಿದ 14 ಕಮಾನಿನ ಹಳೇ ಸೇತುವೆ ಕಂಬಗಳ ಹತ್ತಿರವೂ ಬಾಟಲಿ ಇರುತ್ತೆ. ಕಂಬದ ಮೇಲ್ಮುಖ, ಅಂದ್ರೆ ನೀರು ಬಂದು ಬಡಿಯುವ ಕಡೆ, ಕೊರೆದ ಗುಂಡಿ, ಅಲ್ಲಿ ಏನೂ ನಿಲ್ಲಲ್ಲ. ಕೆಳಮುಖ, ಸುಳಿ ಮುಗಿದು ನೀರು ಚಪ್ಪಟೆಯಾಗುವ ಕಡೆ ನಿಲ್ಲುತ್ತೆ. ಆದ್ರೆ ಕಂಬದ ಪಕ್ಕಕ್ಕೇ ಹೋಗಬೇಡಿ, ಅಲ್ಲಿ ಸಿಕ್ಕಿಕೊಂಡ ಮರದ ಬೊಡ್ಡೆ, ಬಲೆ, ಕಂಬಿ ಎಲ್ಲಾ ಇರುತ್ತೆ.

ಮಾರ್ಚ್‌ನಿಂದ ಮೇವರೆಗೆ ಸೊಂಟದಷ್ಟು ನೀರಲ್ಲೇ ಮುಕ್ಕಾಲು ಕೆಲಸ ಆಗುತ್ತೆ. ಬೇಕಿರೋದು 8 ಮಿ.ಮೀ. ದಪ್ಪದ, ಸುಮಾರು ನಾಲ್ಕಡಿ ಉದ್ದದ ಕಬ್ಬಿಣದ ಸರಳು. ಮೇಲೆ ಅಡ್ಡಹಿಡಿ, ತುದಿಗೆ ವೆಲ್ಡಿಂಗ್ ಅಂಗಡಿಯಲ್ಲಿ ಒಂದು ಸಣ್ಣ ಗುಂಡು ಕೂರಿಸಿ. ಗುಂಡು ಸರಳಿಗಿಂತ ಸ್ವಲ್ಪ ದಪ್ಪ ಇದ್ದರೆ ಹೂಳು ಸರಳನ್ನು ಹಿಡಿಯಲ್ಲ, ತುದಿಗೆ ತಾಗಿದ್ದು ನೇರ ಕೈಗೆ ಬರುತ್ತೆ. ನಿಧಾನ ಒತ್ತಬೇಕು, ಕುಟ್ಟಬಾರದು. ಕಲ್ಲು ಒರಟಾಗಿ ತಡೆಯುತ್ತೆ, ಕಟ್ಟಿಗೆ ಮೆತ್ತಗೆ ಕಚ್ಚುತ್ತೆ, ಗಾಜು 'ಟಿಕ್' ಅಂದು ಪಕ್ಕಕ್ಕೆ ಜಾರುತ್ತೆ. ಹತ್ತು ಸಲ ಮಾಡಿದ ಮೇಲೆ ಕೈಗೇ ಗೊತ್ತಾಗುತ್ತೆ. ತಾಗಿದ ಮೇಲೆ ಗುದ್ದಲಿ ಬೇಡ, ದಪ್ಪ ಗ್ಲೌಸ್ ಹಾಕಿ ಪಕ್ಕದ ಹೂಳು ತೆಗೆಯಿರಿ. ಬಾಯಿ ಸಿಕ್ಕಿತು ಅಂತ ಬಾಯಿ ಹಿಡಿದು ಎಳೆದರೆ ಕತ್ತು ಕೈಗೆ ಬರುತ್ತೆ, ಹೊಟ್ಟೆ ಹೂಳಲ್ಲೇ ಉಳಿಯುತ್ತೆ. ತಳಕ್ಕೆ ಕೈ ಹಾಕಿ ಎತ್ತಬೇಕು.

ಎರಡು ಎಚ್ಚರಿಕೆ. ಮರಳು ತೆಗೆದ ಗುಂಡಿಗಳ ಗೋಡೆ ನೆಟ್ಟಗಿರುತ್ತೆ. ಮೊಣಕಾಲು ನೀರಲ್ಲಿ ನಡೀತಿದ್ದವರು ಮುಂದಿನ ಹೆಜ್ಜೆಗೆ ತಲೆ ಮುಳುಗ್ತಾರೆ, ಹಿಂದಕ್ಕೆ ಹತ್ತೋಕೆ ಹೋದರೆ ಅಂಚು ಕುಸಿಯುತ್ತೆ. ಸರಳನ್ನೇ ಊರುಗೋಲು ಮಾಡಿಕೊಂಡು ಮುಂದೆ ಚುಚ್ಚಿ ನೋಡಿಯೇ ಹೆಜ್ಜೆ ಇಡಿ. ಇನ್ನೊಂದು, ಹರಿಹರದಲ್ಲಿ ಮೋಡವೇ ಇಲ್ಲದಿದ್ದರೂ ನೀರು ಏರುತ್ತೆ. ಮೇಲೆ ತುಂಗೆಗೆ ಗಾಜನೂರು ಅಣೆಕಟ್ಟು, ಭದ್ರೆಗೆ ಲಕ್ಕವಳ್ಳಿ ಅಣೆಕಟ್ಟು. ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಅಂತ ಹೊಳೆಗೆ ಬಿಡ್ತಾರೆ. ದಡದಲ್ಲಿ ಒಂದು ಕಡ್ಡಿ ನೆಟ್ಟು ನೀರಿನ ಗುರುತು ಮಾಡಿ, ಕಾಲು ಗಂಟೆಗೊಮ್ಮೆ ನೋಡಿ. ನಾಲ್ಕು ಬೆರಳು ಏರಿದ್ದರೆ ಸಾಮಾನು ಎತ್ತಿಕೊಂಡು ಮೇಲೆ ಬನ್ನಿ.

ನೀರಡಿ_ಉಸಿರು:

ಕಂಪ್ರೆಸರ್ ವಿಷಯಕ್ಕೆ ಮಾತ್ರ ಉತ್ತರ ಕೊಡುತ್ತೇನೆ, ಏಕೆಂದರೆ ಜೀವ ಹೋಗುವುದು ಅದರಲ್ಲೇ.

ಪಂಕ್ಚರ್ ಅಂಗಡಿಯ ಕಂಪ್ರೆಸರ್ ಎಣ್ಣೆಯಲ್ಲಿ ಓಡುವ ಪಿಸ್ಟನ್. ಬಿಸಿಯಾದಂತೆ ಎಣ್ಣೆಯ ಆವಿ ಗಾಳಿಯ ಜೊತೆ ಪೈಪಿಗೆ ಬರುತ್ತದೆ. ಡೀಸೆಲ್ ಅಥವಾ ಪೆಟ್ರೋಲ್ ಎಂಜಿನ್ ಇದ್ದರೆ ಹೊಗೆಯೂ ಒಳಗೆ ಎಳೆದುಕೊಳ್ಳುತ್ತದೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ. ಮೇಲೆ ಸುಮ್ಮನೆ ತಲೆನೋವು ತರುವಷ್ಟು ಪ್ರಮಾಣವೇ ಕೆಳಗಿನ ಒತ್ತಡದಲ್ಲಿ ಎಚ್ಚರ ತಪ್ಪಿಸಬಹುದು. ಕರೆಂಟ್ ಹೋದರೆ, ಪೈಪಿನ ಮೇಲೆ ಯಾರಾದರೂ ಕಾಲಿಟ್ಟರೆ ಗಾಳಿ ಅಲ್ಲಿಗೇ ನಿಂತಿತು. ಆಗ ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲೆ ಬಂದರೆ ಎರಡೇ ಮೀಟರ್ ಆಳದಿಂದಲೂ ಶ್ವಾಸಕೋಶ ಹರಿಯುವ ಸಾಧ್ಯತೆ ಇದೆ. ಸಿಲಿಂಡರ್ ಬಾಡಿಗೆ ಕೊಡಲಾಗದಿದ್ದರೆ ಸೊಂಟದ ನೀರಲ್ಲೇ ಇರಿ, ಅಂಬಿಗರ ಓಣಿಯವರು ಹೇಳಿದ ಹಾಗೆ.

ಸಿಲಿಂಡರ್ ತಂದರೆ ಲೆಕ್ಕ ಹೀಗೆ. 12 ಲೀಟರ್ ಸಿಲಿಂಡರ್, 200 ಬಾರ್ (ಬಾರ್ ಎಂದರೆ ಒತ್ತಡದ ಅಳತೆ) ತುಂಬಿದ್ದರೆ 2400 ಲೀಟರ್ ಗಾಳಿ. ಕೊನೆಯ 50 ಬಾರ್ ಮುಟ್ಟಲೇಬಾರದು, ಅಂದರೆ ಕೈಯಲ್ಲಿ 1800 ಲೀಟರ್. ಸೆಳವಿನಲ್ಲಿ ಕೆಲಸ ಮಾಡುವಾಗ ನಿಮಿಷಕ್ಕೆ 25 ಲೀಟರ್ ಹಿಡಿಯಿರಿ. 4 ಮೀಟರ್ ಆಳದಲ್ಲಿ ಒತ್ತಡ 1.4 ಬಾರ್, ಆಗ 35 ಲೀಟರ್. ಸುಮಾರು 50 ನಿಮಿಷ ಬಂತು. ಮೊದಲ ಸಲ 30 ನಿಮಿಷಕ್ಕೇ ಮೇಲೆ ಬನ್ನಿ. ಕತ್ತಲಲ್ಲಿ ಉಸಿರು ಹೆಚ್ಚು ಓಡುತ್ತದೆ, ಗಾಳಿಯ ಒತ್ತಡ ತೋರಿಸುವ ಮೀಟರನ್ನು ಮುಖಕ್ಕೆ ತಾಗಿಸಿದರೂ ಓದಲು ಆಗದ ನೀರು ಅದು.

ಮುರುಡೇಶ್ವರದ ಕೋರ್ಸ್‌ನಲ್ಲಿ ನೇತ್ರಾಣಿ ದ್ವೀಪದ ತಿಳಿನೀರು ನೋಡಿದವರಿಗೆ ಹೊಳೆ ಬೇರೆಯೇ ಲೋಕ. ತಳ ಮುಟ್ಟಿದ ಕೂಡಲೇ ಹೂಳೆದ್ದು ಕಣ್ಣಿಗೆ ಏನೂ ಕಾಣುವುದಿಲ್ಲ, ಕೆಲಸ ಎಲ್ಲಾ ಬೆರಳಲ್ಲೇ. ಮುಳುಗಲು ಕಟ್ಟಿಕೊಳ್ಳುವ ಸೀಸದ ತೂಕವೂ ಬದಲಾಗುತ್ತದೆ. ಸಿಹಿನೀರಿನಲ್ಲಿ ತೇಲುವುದು ಕಡಿಮೆ, ಸಾಮಾನು ಸೇರಿ 90 ಕಿಲೋ ಇರುವವರು ಸಮುದ್ರಕ್ಕಿಂತ ಸುಮಾರು 2 ಕಿಲೋ ಸೀಸ ಕಡಿಮೆ ಹಾಕಬೇಕು.

ಹುಡುಕುವ ವಿಧಾನ: ಸೆಳವು ಬರುವ ಮೇಲ್ಗಡೆ, ಹೊಳೆಯ ತಳದಲ್ಲಿ ಗೂಟ ಗಟ್ಟಿಯಾಗಿ ಹೊಡೆದು 10 ಮೀಟರ್ ಹಗ್ಗ ಕಟ್ಟಿ. ಹಗ್ಗದ ತುದಿ ಹಿಡಿದು, ಮುಖ ಸೆಳವಿಗೆ ಕೊಟ್ಟು, ಎಡದಿಂದ ಬಲಕ್ಕೆ ಕಮಾನಿನ ಹಾಗೆ ಸರಿಯುತ್ತಾ ತಡಕಿ. ಒಂದು ಕಮಾನು ಮುಗಿದ ಮೇಲೆ ಹಗ್ಗವನ್ನು ಒಂದು ಮೀಟರ್ ಗಿಡ್ಡ ಮಾಡಿ. ಉದ್ದದಿಂದ ಗಿಡ್ಡಕ್ಕೇ ಬರಬೇಕು. ಆಗ ನೀವು ಎಬ್ಬಿಸಿದ ಹೂಳು ಹುಡುಕಿ ಮುಗಿದ ಕಡೆಗೆ ಹರಿದುಹೋಗುತ್ತದೆ. ತಿರುಗುಮುರುಗು ಮಾಡಿದರೆ ಅದೇ ಹೂಳು ಮುಂದಿನ ಜಾಗದ ಮೇಲೆ ಬಂದು ಕೂರುತ್ತದೆ. ತೇಲುವ ಪ್ಲಾಸ್ಟಿಕ್ ಹಗ್ಗ ಬೇಡ, ಸಿಲಿಂಡರ್ ವಾಲ್ವಿಗೆ ಸುತ್ತಿಕೊಳ್ಳುತ್ತದೆ. ಮುಳುಗುವ ನೈಲಾನ್ ತನ್ನಿ. ಹಗ್ಗವನ್ನು ಮೈಗೆ ಗಂಟು ಹಾಕಿಕೊಳ್ಳಬೇಡಿ, ಕೈಯಲ್ಲಿ ಹಿಡಿಯಿರಿ.

ಇಳಿದವರಿಂದ ದಡಕ್ಕೆ ಇನ್ನೊಂದು ಹಗ್ಗ ಇರಲಿ, ಅದರ ಕೊಂಡಿ ಒಂದೇ ಎಳೆತಕ್ಕೆ ಬಿಚ್ಚುವಂಥದ್ದಾಗಿರಲಿ. ಎಳೆತದ ಭಾಷೆ ಇಳಿಯುವ ಮುಂಚೆ ಮಾತಾಡಿಕೊಳ್ಳಿ: ಒಂದು ಎಳೆತ 'ಸರಿ', ಎರಡು 'ಹಗ್ಗ ಸಡಿಲಿಸು', ನಾಲ್ಕು 'ಮೇಲೆ ಎಳೆ'. ಮೂವರಲ್ಲಿ ಕೋರ್ಸ್ ಆಗದವರು ದಡದಲ್ಲಿ ಹಗ್ಗ ಹಿಡಿದು ಕೂರಲಿ, ಫೋನ್ ಜೇಬಲ್ಲಿರಲಿ. ಬಲೆ, ಗಾಳದ ದಾರ ಕತ್ತರಿಸಲು ಕತ್ತರಿಯನ್ನು ಎರಡೂ ಕೈಗೆ ಎಟುಕುವ ಹಾಗೆ ಎದೆಗೆ ಸಿಕ್ಕಿಸಿ, ಕಾಲಿಗೆ ಕಟ್ಟಿದರೆ ಸಿಕ್ಕಿಬಿದ್ದಾಗ ಕೈಗೆ ಸಿಗುವುದಿಲ್ಲ. ಧನುರ್ವಾತದ ಚುಚ್ಚುಮದ್ದು ಆಗಿರಲಿ. ಇಳಿದ ಒಂದೆರಡು ವಾರದಲ್ಲಿ ಜ್ವರ, ಮೀನಖಂಡ ನೋವು ಬಂದರೆ ಹೊಳೆ ನೀರಲ್ಲಿದ್ದೆ ಎಂದು ಡಾಕ್ಟರಿಗೆ ಹೇಳಿ, ಅದು ಇಲಿ ಜ್ವರ ಇರಬಹುದು.

ಗಾಜುಗಣ್ಣು:

ಪಲ್ಟನ್ ಕಥೆ ಲೆಕ್ಕಕ್ಕೆ ನಿಲ್ಲಲ್ಲ. ಹರಿಹರದ ವಾಯವ್ಯಕ್ಕೆ ಎರಡು ಮೈಲಿ ದೂರದಲ್ಲಿ ದಂಡಿನ ನೆಲೆ ಇದ್ದದ್ದು ನಿಜ, ಆದರೆ ಅದು 1865ರವರೆಗೆ. ಹೈರಮ್ ಕಾಡ್ ಇಂಗ್ಲೆಂಡಿನಲ್ಲಿ ಗೋಲಿ ಬಾಟಲಿಗೆ ಪೇಟೆಂಟ್ ಪಡೆದದ್ದು 1870ರ ದಶಕದ ಆರಂಭದಲ್ಲಿ. ದಂಡು ಹೋದ ಮೇಲೆ ಬಾಟಲಿ ಹುಟ್ಟಿದೆ. ನಿಮ್ಮ ಗೋಲಿ ಕತ್ತುಗಳು ಸೇತುವೆ, ರಸ್ತೆ, ಊರೂರಿನ ಸೋಡಾ ಫ್ಯಾಕ್ಟರಿ ಕಾಲದವು. ಉತ್ತರ ಪ್ರದೇಶದಲ್ಲಿ ಈ ಬಾಟಲಿ ಇವತ್ತಿಗೂ ತಯಾರಾಗುತ್ತೆ, ಹಾಗಾಗಿ ಗೋಲಿ ಕಂಡ ತಕ್ಷಣ ಹಳೇದು ಅನ್ನೋಕೂ ಆಗಲ್ಲ. ಮೈಮೇಲೆ ಉಬ್ಬಕ್ಷರದಲ್ಲಿ ರೈಲ್ಯಾಂಡ್ಸ್, ಬಾರ್ನ್ಸ್ಲಿ ಅಂತೇನಾದರೂ ಇದ್ದರೆ ಅದು ಇಂಗ್ಲೆಂಡಿನ ಹಳೇ ಮಾಲು. ಇಡೀದು ಯಾಕೆ ಅಪರೂಪ ಅಂದ್ರೆ, ಖಾಲಿ ಬಾಟಲಿ ಫ್ಯಾಕ್ಟರಿಗೆ ವಾಪಸ್ ಹೋಗಬೇಕಿತ್ತು, ಹೋಗದೆ ಉಳಿದದ್ದನ್ನ ಹುಡುಗರು ಗೋಲಿಗಾಗಿ ಒಡೆದರು.

ದಂಡಿನ ಕಾಲದ್ದು ಬೇಕಿದ್ದರೆ ನೀವು ಹೇಳಿದ ಕಪ್ಪು ಗಾಜಿನ ತಳವನ್ನೇ ಬಿಸಿಲಿಗೆ ಹಿಡಿದು ನೋಡಿ, ನಿಜಕ್ಕೂ ಅದು ಕಡು ಹಸಿರು ಅಥವಾ ಕಂದು. ತಳದ ಗುಳಿಯೊಳಗೆ ಬೆರಳಾಡಿಸಿ. ಒರಟಾದ, ಮುರಿದ ಉಂಗುರದಂಥ ಗುರುತು ಇದ್ದರೆ ಬಾಯಿ ಮುಗಿಸುವಾಗ ತಳವನ್ನ ಕಬ್ಬಿಣದ ಕೋಲಿಗೆ ಹಿಡಿದ ಕಲೆ ಅದು, ಸಾಮಾನ್ಯವಾಗಿ 1860ರ ದಶಕಕ್ಕಿಂತ ಹಿಂದಿನದು. ಭುಜದ ಸುತ್ತ ಅಡ್ಡ ಗೆರೆ, ಅಲ್ಲಿಂದ ಕತ್ತಿನ ಕಡೆಗೆ ಎರಡು ಗೆರೆ ಇದ್ದರೆ ಮೂರು ತುಂಡಿನ ಅಚ್ಚು. ಬ್ರಿಸ್ಟಲ್‌ನ ರಿಕೆಟ್ಸ್ ಇದಕ್ಕೆ 1821ರಲ್ಲಿ ಪೇಟೆಂಟ್ ತಗೊಂಡ. ತಳ ಮೊಟ್ಟೆಯ ಹಾಗೆ ಚೂಪಾಗಿದ್ದು ನಿಲ್ಲೋದೇ ಇಲ್ಲ ಅಂದ್ರೆ ಅದು ಹ್ಯಾಮಿಲ್ಟನ್ ಸೋಡಾ ಬಾಟಲಿ. ಮಲಗಿಸಿಯೇ ಇಡಬೇಕು, ಆಗ ಬಿರಡೆ ಒದ್ದೆಯಾಗಿದ್ದು ಗ್ಯಾಸ್ ಸೋರಲ್ಲ.

ಮಾಮೂಲಿ ಬಾಟಲಿಗೆ ಉಗುರಿನ ಪರೀಕ್ಷೆ ಸಾಕು. ಪಕ್ಕದ ಅಚ್ಚಿನ ಗೆರೆ ಮೇಲೆ ಉಗುರು ಏರಿಸಿಕೊಂಡು ಹೋಗಿ. ತುಟಿಯ ತುದಿವರೆಗೂ ತಾಗಿದರೆ ಯಂತ್ರದ್ದು, ಬಾಟಲಿ ಮಾಡೋ ಓವೆನ್ಸ್ ಯಂತ್ರ ಬಂದ 1903ರ ಆಮೇಲಿನದು. ಕತ್ತಿನಲ್ಲೇ ಗೆರೆ ಮಾಯವಾಗಿ ತುಟಿ ನುಣ್ಣಗಿದ್ದರೆ ಬಾಯಿ ಕೈಯಲ್ಲಿ ಮಾಡಿದ್ದು. ಆದ್ರೆ ಇದನ್ನ ಗೋಲಿ ಬಾಟಲಿಗೆ ಹಚ್ಚಬೇಡಿ. ಗೋಲಿ ಒಳಗೆ ಹಾಕಿದ ಮೇಲೆ ತುಟಿ ಮುಗಿಸ್ತಾರೆ, ಹೊಸದೂ ಮೋಸ ಮಾಡುತ್ತೆ. ಕಡು ನೀಲಿ ಅಥವಾ ಹಸಿರು ಗಾಜು, ಮೈಮೇಲೆ ಉದ್ದ ಏಣು ಇದ್ದರೆ ವಿಷದ ಬಾಟಲಿ, ಕತ್ತಲಲ್ಲೂ ಕೈಗೆ ಗೊತ್ತಾಗಲಿ ಅಂತ ಮಾಡಿದ್ದು. ಬಿರಡೆ ಸಮೇತ ಸಿಕ್ಕರೆ ತೆಗೀಬೇಡಿ.

ಹೊಳೆಸಾಲು_17:

ಕಂಪ್ರೆಸರ್ ಕೈಬಿಟ್ಟೆವು. ಕಪ್ಪು ತಳದಲ್ಲಿ ಉಂಗುರದ ಗುರುತು ಇದೆ! ತೊಳೆಯೋದು, ಮಾರೋದರ ಬಗ್ಗೆಯೂ ಹೇಳಿ. ಚಿತ್ರದುರ್ಗದ ಸ್ನೇಹಿತರೊಬ್ಬರು ಕೋಟೆ ಹೊಂಡದಲ್ಲೂ ನೋಡೋಣ ಅಂತಿದ್ದಾರೆ.

ಗಾಜುಗಣ್ಣು:

ಕೋಟೆ ಹೊಂಡ ಮರೆತುಬಿಡಿ, ಸಂರಕ್ಷಿತ ಸ್ಮಾರಕ ಅದು. ಹರಿಹರೇಶ್ವರ ಗುಡಿ ಸುತ್ತಲೂ ಹಾಗೇ. ಹೊಳೆಯಲ್ಲಿ ವಿಗ್ರಹ, ಶಾಸನ, ವೀರಗಲ್ಲು ಕಂಡರೆ ಅಲ್ಲೇ ಬಿಟ್ಟು, ಫೋಟೊ ತೆಗೆದು ತಹಶೀಲ್ದಾರರಿಗೆ ತಿಳಿಸಿ. ಮಾರೋ ಯೋಚನೆ ಇದ್ದರೆ 1972ರ ಪುರಾತನ ವಸ್ತುಗಳ ಕಾಯ್ದೆ ನೆನಪಿರಲಿ. 100 ವರ್ಷ ದಾಟಿದ ವಸ್ತು ಅದರ ಕೆಳಗೆ ಬರಬಹುದು. ವ್ಯಾಪಾರಕ್ಕೆ ಲೈಸೆನ್ಸ್ ಬೇಕು, ಖಾಸಗಿಯವರು ವಿದೇಶಕ್ಕೆ ಕಳಿಸೋ ಹಾಗಿಲ್ಲ.

ತೊಳೆಯೋಕೆ ಅವಸರ ಬೇಡ. ಹೊಳೆಯಿಂದ ತೆಗೆದದ್ದನ್ನ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತೆ, ಒಳಗಿನ ಹೂಳು ಕಾಂಕ್ರೀಟ್ ಆಗುತ್ತೆ. ಅದೇ ಹೊಳೆ ನೀರಿನ ಬಕೆಟ್‌ನಲ್ಲಿ, ತಳಕ್ಕೆ ಹಳೇ ಟವೆಲ್ ಹಾಸಿ ಮನೆಗೆ ತನ್ನಿ. ನೆರಳಲ್ಲಿ ಎರಡು ದಿನ ಅಂಟುವಾಳದ ನೀರಲ್ಲಿ ನೆನೆಸಿದರೆ ಹೂಳು ತಾನೇ ಬಿಡುತ್ತೆ. ಬಿಡದಿದ್ದರೆ ಒಂದು ಹಿಡಿ ಅಕ್ಕಿ, ಅರ್ಧ ಬಾಟಲಿ ನೀರು ಹಾಕಿ ಕುಲುಕಿ. ಮರಳು ಹಾಕಬಾರದು, ಗೀರು ಬೀಳುತ್ತೆ. ಬಿಳಿ ಸುಣ್ಣದ ಪೊರೆಗೆ ಲೀಟರ್ ನೀರಿಗೆ 50 ಗ್ರಾಂ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಕರಗಿಸಿ ರಾತ್ರಿಯಿಡೀ ಇಡಿ. ಟಾಯ್ಲೆಟ್ ತೊಳೆಯೋ ಆಸಿಡ್ ಮುಟ್ಟಬೇಡಿ.

ಒಣಗಿದ ಮೇಲೆ ಮೈಮೇಲೆ ಕಾಮನಬಿಲ್ಲಿನ ಹಾಗೆ ಹೊಳೆಯೋ ಪೊರೆ ಕಂಡರೆ ಅದು ಕೊಳೆ ಅಲ್ಲ. ಗಾಜಿನೊಳಗಿನ ಕ್ಷಾರವನ್ನ ನೀರು ಎಳೆದುಕೊಂಡು ಮೇಲ್ಪದರ ಸವೆದದ್ದು. ಉಜ್ಜಿದರೆ ಅಭ್ರಕದ ಹಾಗೆ ಎದ್ದು ಬರುತ್ತೆ, ಕೆಳಗೆ ಮಂಕು ಗಾಜು ಉಳಿಯುತ್ತೆ. ಹಾಗೇ ಬಿಡಿ. ಕರಾವಳಿಯ ಉಪ್ಪುನೀರಿನದಾದರೆ, ಅದರಲ್ಲೂ ಶಾಯಿ ಕುಡಿಕೆಯಂಥ ಮಣ್ಣಿನದಾದರೆ, ಮೊದಲು ಸಿಹಿನೀರಲ್ಲಿಟ್ಟು ವಾರಗಟ್ಟಲೆ ನೀರು ಬದಲಿಸ್ತಾ ಇರಬೇಕು. ಇಲ್ಲಾಂದ್ರೆ ಒಳಗಿನ ಉಪ್ಪು ಹರಳುಗಟ್ಟಿ ಮೇಲಿನ ಹೊಳಪನ್ನ ಸಿಪ್ಪೆ ಸಿಪ್ಪೆಯಾಗಿ ಎಬ್ಬಿಸುತ್ತೆ.

ಅಂಬಿಗರ_ಓಣಿ:

ಒಂದು ಸೇರಿಸ್ತೀನಿ. ಸಿಕ್ಕ ಜಾಗ, ಆಳ, ದಿನಾಂಕ ಒಂದು ಚೀಟಿಯಲ್ಲಿ ಪೆನ್ಸಿಲ್‌ನಿಂದ ಬರೆದು ಬಾಟಲಿ ಕತ್ತಿಗೆ ದಾರದಲ್ಲಿ ಕಟ್ಟಿ. ಪೆನ್ನಿನ ಬರಹ ಒದ್ದೆ ಬಕೆಟ್‌ನಲ್ಲಿ ಸಂಜೆವರೆಗೂ ಉಳಿಯಲ್ಲ.