ರಾತ್ರಿಯಿಡೀ ಯಕ್ಷಗಾನ ಆಟದ ಫೋಟೋ ತೆಗೆಯಲು ಯಾವ ಬ್ಯಾಟರಿ, ಎಷ್ಟು?

ಉಡುಪಿಯಿಂದ ಪ್ರಶ್ನೆ: ನನ್ನ ಹತ್ತಿರ ಸೆಕೆಂಡ್ ಹ್ಯಾಂಡ್ ಕೆನಾನ್ 80ಡಿ ಉಂಟು. ಅದರ ಜೊತೆ ಬಂದ ಬ್ಯಾಟರಿ ನಡುರಾತ್ರಿಗೇ ಖಾಲಿ. ಮೇಳಗಳ ತಿರುಗಾಟ ಶುರುವಾದ ಮೇಲೆ ಇಡೀ ರಾತ್ರಿಯ ಯಕ್ಷಗಾನದ ಫೋಟೋ, ನಡುವೆ ಸ್ವಲ್ಪ ವಿಡಿಯೋ ತೆಗೆಯುವ ಆಸೆ. ಕಂಪನಿ ಬ್ಯಾಟರಿಯೇ ಬೇಕಾ, ಕಡಿಮೆ ಬೆಲೆಯದ್ದು ಸಾಕಾ? ಫ್ಲ್ಯಾಶ್‌ಗೆ ಯಾವ ಸೆಲ್? ಮಳೆಗಾಲದಲ್ಲಿ ಹೇಗೆ ಇಡುವುದು? ಅನುಭವ ಇದ್ದವರು ಹೇಳಿ.

ಮಂಗಳೂರಿನಿಂದ: ಹೊಸದು ಕೊಳ್ಳುವ ಮೊದಲು ಮೆನುವಿನಲ್ಲಿ ಬ್ಯಾಟರಿ ಇನ್ಫೋ ತೆರೆದು ನೋಡಿ. ಅಲ್ಲಿ ಮೂರು ಸಣ್ಣ ಚೌಕ ಇರುತ್ತದೆ. ಮೂರೂ ಹಸಿರಾಗಿದ್ದರೆ ಬ್ಯಾಟರಿ ಗಟ್ಟಿ ಉಂಟು. ಒಂದೇ ಒಂದು ಕೆಂಪು ಚೌಕ ಕಂಡರೆ ಅದರ ಕಾಲ ಮುಗಿಯಿತು, ಎಷ್ಟು ಚಾರ್ಜ್ ಮಾಡಿದರೂ ಪ್ರಯೋಜನ ಇಲ್ಲ.

80ಡಿಗೆ ಎಲ್‌ಪಿ-ಇ6ಎನ್ ಬರುತ್ತದೆ, 1865 ಎಂಎಎಚ್ (ಎಷ್ಟು ಚಾರ್ಜ್ ಹಿಡಿಯುತ್ತದೆ ಎಂಬ ಅಳತೆ). ಆಮೇಲೆ ಬಂದ ಎಲ್‌ಪಿ-ಇ6ಎನ್‌ಎಚ್ ಕೂಡ ಆಗುತ್ತದೆ, ಅದು 2130. ಕಂಪನಿ ಲೆಕ್ಕದ ಪ್ರಕಾರ ಇ6ಎನ್‌ನಲ್ಲಿ ವ್ಯೂಫೈಂಡರ್ ನೋಡಿ ತೆಗೆದರೆ ಸುಮಾರು 960 ಫೋಟೋ, ಹಿಂದಿನ ಸ್ಕ್ರೀನ್ ನೋಡಿ ತೆಗೆಯುವ ಲೈವ್ ವ್ಯೂನಲ್ಲಿ ಸುಮಾರು 300. ವ್ಯತ್ಯಾಸ ನೋಡಿ ಮಾರಾಯ್ರೆ! ಹಾಗಾಗಿ ಚಂಡೆಯ ಪೆಟ್ಟು ಏರಿ ಬಣ್ಣದ ವೇಷ ಬರುವಾಗ ಕಣ್ಣು ವ್ಯೂಫೈಂಡರಿನಲ್ಲೇ ಇರಲಿ. ತೆಗೆದ ಕೂಡಲೇ ಫೋಟೋ ತೋರಿಸುವ ಇಮೇಜ್ ರಿವ್ಯೂ, ವೈಫೈ ಎರಡೂ ಆಫ್ ಮಾಡಿ. ಇಷ್ಟು ಮಾಡಿದರೆ ಫೋಟೋಗೆ ಎರಡು ಒಳ್ಳೆಯ ಬ್ಯಾಟರಿ ಧಾರಾಳ ಸಾಕು. ವಿಡಿಯೋ ಉಂಟು ಅಂದರೆ ಮೂರು ಇಟ್ಟುಕೊಳ್ಳಿ.

ಬೇರೆ ಕಂಪನಿಯದ್ದು ತೆಗೆದುಕೊಳ್ಳಬಾರದು ಅಂತ ನಾನು ಹೇಳುವುದಿಲ್ಲ, ಚೆನ್ನಾಗಿರುವುದೂ ಉಂಟು. ಆದರೆ ಅದೇ ಗಾತ್ರದ ಬ್ಯಾಟರಿ ಮೇಲೆ 3000 ಅಂತ ಬರೆದಿದ್ದರೆ ನಂಬಬೇಡಿ. ಕೆಲವು ಕ್ಯಾಮೆರಾದ ಜೊತೆ ಸರಿಯಾಗಿ ಮಾತಾಡುವುದೇ ಇಲ್ಲ, ಅರ್ಧಕ್ಕಿಂತ ಜಾಸ್ತಿ ತೋರಿಸುತ್ತಾ ಇದ್ದು ತಟ್ಟನೆ ಕೈಕೊಡುತ್ತವೆ. ಒಂದಾದರೂ ಕಂಪನಿಯದ್ದು ಇರಲಿ, ಬಿಲ್ ಕೊಡುವ ಅಂಗಡಿಯಿಂದಲೇ ತನ್ನಿ. ನಕಲಿ ಮಾಲು ಬಹಳ ಉಂಟು.

ಇನ್ನೊಂದು ಮಾತು. ಕೆನಾನ್ ಬ್ಯಾಟರಿಯ ಪ್ಲಾಸ್ಟಿಕ್ ಮುಚ್ಚಳ ಬಿಸಾಡಬೇಡಿ. ಅದರಲ್ಲಿ ಬ್ಯಾಟರಿ ಆಕಾರದ ಸಣ್ಣ ಕಿಂಡಿ ಉಂಟು. ಒಂದು ದಿಕ್ಕಿಗೆ ಹಾಕಿದರೆ ಕಿಂಡಿಯಲ್ಲಿ ನೀಲಿ ಬಣ್ಣ ಕಾಣುತ್ತದೆ, ತಿರುಗಿಸಿ ಹಾಕಿದರೆ ಕಾಣುವುದಿಲ್ಲ. ಚಾರ್ಜ್ ಆದದ್ದಕ್ಕೆ ನೀಲಿ ಕಾಣುವ ಹಾಗೆ ಹಾಕಿ. ಕತ್ತಲೆಯಲ್ಲಿ ಮೊಬೈಲ್ ಬೆಳಕಿಗೆ ಹಿಡಿದರೆ ಯಾವುದು ಖಾಲಿ ಅಂತ ಗೊತ್ತಾಗುತ್ತದೆ. ಕಿಸೆಯ ಚಿಲ್ಲರೆ ತಾಗಿ ಶಾರ್ಟ್ ಆಗುವ ಭಯವೂ ಇಲ್ಲ.

ಕುಂದಾಪುರದಿಂದ: ಫ್ಲ್ಯಾಶ್ ವಿಷಯ. ಮೊದಲಿಗೆ ಒಂದು ಕೋರಿಕೆ, ಕುಣಿಯುತ್ತಿರುವ ವೇಷಧಾರಿಯ ಮುಖಕ್ಕೆ ಫ್ಲ್ಯಾಶ್ ಹೊಡೆಯಬೇಡಿ. ಮದುವೆ ಮನೆಗೆ ಬೇಕಾಗುತ್ತದೆ, ಅದಕ್ಕೆ ಹೇಳುತ್ತೇನೆ.

ಆಲ್ಕಲೈನ್ ಸೆಲ್ 1.5 ವೋಲ್ಟ್, ರೀಚಾರ್ಜ್ ಆಗುವ ನಿಕಲ್ ಮೆಟಲ್ ಹೈಡ್ರೈಡ್ 1.2 ವೋಲ್ಟ್. ಆದರೂ ಫ್ಲ್ಯಾಶ್‌ಗೆ ಎರಡನೆಯದೇ ಒಳ್ಳೆಯದು. ಫ್ಲ್ಯಾಶ್ ಒಮ್ಮೆಲೇ ಜಾಸ್ತಿ ಕರೆಂಟ್ ಎಳೆಯುವಾಗ ಆಲ್ಕಲೈನ್‌ನ ವೋಲ್ಟೇಜ್ ಕುಸಿಯುತ್ತದೆ. ಮುಂದಿನ ಫೋಟೋಕ್ಕೆ ರೆಡಿ ದೀಪ ಹತ್ತುವ ತನಕ ಕಾಯಬೇಕು, ಅಷ್ಟರಲ್ಲಿ ಧಾರೆ ಎರೆದು ಆಗಿರುತ್ತದೆ. ಸ್ಯಾನಿಯೋ 2005ರಲ್ಲಿ ತಂದ, ಈಗ ಪ್ಯಾನಸೋನಿಕ್ ಹೆಸರಿನಲ್ಲಿ ಸಿಗುವ ಎನೆಲೂಪ್‌ನಂಥ ಸೆಲ್ ತೆಗೆದುಕೊಳ್ಳಿ. ಸುಮ್ನೆ ಇಟ್ಟರೂ ಚಾರ್ಜ್ ಬೇಗ ಇಳಿಯುವುದಿಲ್ಲ. ಫ್ಲ್ಯಾಶ್‌ಗೆ ಹಾಕುವ ನಾಲ್ಕು ಸೆಲ್ಲಿಗೂ ಒಂದೇ ಗುರುತು ಹಾಕಿ, ಯಾವಾಗಲೂ ಒಟ್ಟಿಗೇ ಬಳಸಿ. ಒಂದು ಸೆಲ್ ಸೋತರೆ ಉಳಿದ ಮೂರನ್ನೂ ಎಳೆದು ಹಾಕುತ್ತದೆ. ಚಾರ್ಜರ್ ಪ್ರತಿ ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸುವಂಥದ್ದಾಗಿರಲಿ.

ಮಲ್ಪೆಯಿಂದ: ಮೇ ತಿಂಗಳ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ದೀಪಾವಳಿವರೆಗೆ ಕ್ಯಾಮೆರಾಕ್ಕೆ ಕೆಲಸ ಕಡಿಮೆ ಅಲ್ವಾ? ಆಗ ಬ್ಯಾಟರಿ ಕ್ಯಾಮೆರಾದಲ್ಲೇ ಬಿಡಬೇಡಿ. ಲಿಥಿಯಂ ಬ್ಯಾಟರಿ ಫುಲ್ ಚಾರ್ಜ್‌ನಲ್ಲೂ ಬೇಡ, ಪೂರ್ತಿ ಖಾಲಿಯಾಗಿಯೂ ಬೇಡ, ಅರ್ಧದ ಹತ್ತಿರ ಇರಲಿ. ಗಾಳಿಯಾಡದ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ, ನಡುವೆ ಒಮ್ಮೆ ಚಾರ್ಜ್ ನೋಡಿ. ನಮ್ಮ ಕಡಲ ಗಾಳಿಯ ಉಪ್ಪು ಲೋಹದ ತುದಿಗೆ ಹಿಡಿಯುತ್ತದೆ, ಒಣ ಬಟ್ಟೆಯಿಂದ ಒರೆಸುತ್ತಾ ಇರಿ.

ಆಟ ಮುಗಿಸಿ ಬಂದ ಕೂಡಲೇ ಬಿಸಿ ಬ್ಯಾಟರಿಯನ್ನು ಚಾರ್ಜ್‌ಗೆ ಹಾಕಬೇಡಿ, ತಣಿಯಲಿ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬೇಡಿ. ಸ್ಲಾಟಿನಿಂದ ಸಲೀಸಾಗಿ ಬರುತ್ತಿದ್ದ ಬ್ಯಾಟರಿ ಬಿಗಿಯಾಗಿ ಸಿಕ್ಕಿಕೊಂಡರೆ ಅದು ಉಬ್ಬಿದೆ ಅಂತ ಲೆಕ್ಕ. ಮತ್ತೆ ಚಾರ್ಜ್ ಮಾಡಬೇಡಿ, ಚುಚ್ಚಬೇಡಿ, ಕಸದ ಬುಟ್ಟಿಗೂ ಹಾಕಬೇಡಿ. ತುದಿಗಳಿಗೆ ಟೇಪ್ ಸುತ್ತಿ ಇ-ತ್ಯಾಜ್ಯ ತೆಗೆದುಕೊಳ್ಳುವಲ್ಲಿಗೆ ಕೊಡಿ.